ಪ್ರಮಾಣ ತಪ್ಪದ ವೈಮಾನಿಕ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

ವೀರರನ್ನು ನೆನೆಯುವುದು ಕನ್ನಡಿಗರಿಗೆ ಹೊಸತಲ್ಲ. ಊರಿಗಾಗಿ, ತುರುಗಳಿಗಾಗಿ, ನಂಬಿದ ಒಡೆಯನಿಗಾಗಿ ಮಡಿದವರ ಹೆಸರಿನಲ್ಲಿ ನಮ್ಮ ಪೂರ್ವಿಕರು ವೀರಗಲ್ಲುಗಳನ್ನು ನಿಲ್ಲಿಸಿದರು. ನಮ್ಮ ಜಯನಗರದಿಂದ ದಕ್ಷಿಣಕ್ಕೆ ಕೆಲವೇ ಮೈಲಿಗಳ ದೂರದಲ್ಲಿರುವ ಬೇಗೂರಿನ ದೇವಾಲಯದಲ್ಲಿ ಕ್ರಿ.ಶ. 890ರ ಸುಮಾರಿನ ಶಾಸನವೊಂದಿದೆ. ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನನ್ನು ಅದು ಸ್ಮರಿಸುತ್ತದೆ. ನಮ್ಮ ನಗರದ ಹೆಸರು ದೊರೆಯುವ ಅತಿ ಪ್ರಾಚೀನ ದಾಖಲೆಯೆಂದು ವಿದ್ವಾಂಸರು ಅದನ್ನು ಗೌರವಿಸುತ್ತಾರೆ. ಮಡಿದವನು ಯಾರು, ಯಾವ ಕಾಳಗದಲ್ಲಿ ಮಡಿದನು ಎಂಬುದನ್ನು ಕಂಡವರು ಹೇಳಿದರು; ಶಿಲ್ಪಿ ಕಡೆದನು; ಹೆಸರು ಉಳಿಯಿತು. ಆದರೆ ವೀರನು ಮಡಿದುದನ್ನು ತನ್ನವರಾರೂ ಕಾಣದಿದ್ದರೆ ಅವನಿಗೆ ಕಲ್ಲು ನಿಲ್ಲಿಸುವವರಾರು? ಈ ಪ್ರಶ್ನೆಗೆ ಕೊಡಗಿನ ಸುಪುತ್ರ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಚರಿತ್ರೆಯೇ ಉತ್ತರವಾಗಿದೆ.

ಈ ಮಹನೀಯರ ಜೀವನವನ್ನು ಅರಿಯುವ ಅವಕಾಶ ನನಗೆ ಒದಗಿದುದು ನಮ್ಮ ಮಕ್ಕಳಿಂದ. ಶಾಲೆಯ ವಸ್ತುಪ್ರದರ್ಶನಕ್ಕೆಂದು ಒಂಬತ್ತನೆಯ ತರಗತಿಯ ಕೆಲವು ಬಾಲಕರು ಯುದ್ಧವಿಮಾನವೊಂದರ ಪ್ರತಿಕೃತಿಯನ್ನು ರಚಿಸಲು ಹೊರಟರು. ಎರಡನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ ಪೋಲೆಂಡಿನ ವೈಮಾನಿಕ ಸ್ಕಾಲ್ಸ್ಕಿಯ ವಿಮಾನವನ್ನು ಅವರು ಮೊದಲು ಆರಿಸಿಕೊಂಡಿದ್ದರು. ಪರದೇಶದ ನೆಲದಿಂದ ತನ್ನ ನಾಡಿನ ಬಿಡುಗಡೆಗಾಗಿ ಹೋರಾಡಿದ ಆತನು ಯುದ್ಧಾನಂತರ ತಾಯ್ನಾಡಿಗೆ ಮರಳಿದಾಗ ಅಲ್ಲಿಯ ಆಳರಸರೇ ಆತನನ್ನು 1948ರಲ್ಲಿ ಸೆರೆಗೆ ದೂಡಿದರು, ಮರಣದಂಡನೆಯನ್ನೂ ವಿಧಿಸಿದರು, ಬಿಡುಗಡೆಯಾದುದು 1956ರಲ್ಲಿ. ಇದನ್ನು ಕೇಳಿದ ಬಾಲಕನೊಬ್ಬನು, ಪರಾಕ್ರಮ ಮೆರೆದೂ ಮನ್ನಣೆಗಾಗಿ ಕಾಯಬೇಕಾದ ವೈಮಾನಿಕರು ನಮ್ಮ ನಾಡಿನಲ್ಲಿಯೂ ಇದ್ದಾರೆಯೇ ಎಂದು ಕೇಳಿದನು. ಆ ಪ್ರಶ್ನೆ ಮಕ್ಕಳನ್ನು ದೇವಯ್ಯನವರ ಬಳಿಗೆ ಕರೆದೊಯ್ದಿತು.

ದೇವಯ್ಯನವರು ಜನಿಸಿದುದು 1932ರ ಡಿಸೆಂಬರ್ 24ರಂದು. ತಂದೆ ಬೋಪಯ್ಯನವರು ವೈದ್ಯರು. ಕೊಡಗು ವೀರಶೈವ ಧರ್ಮೀಯರಾದ ಹಾಲೇರಿ ಅರಸರು ಆಳಿದ ನಾಡು. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಮೊದಲಾದ ಸೇನಾನಿಗಳನ್ನು ದೇಶಕ್ಕಿತ್ತ ನಾಡು. ಅಲ್ಲಿಯ ತರುಣನಿಗೆ ಸೇನೆಯ ಹಂಬಲ ಸಹಜವೇ ಆದರೂ ದೇವಯ್ಯನವರ ದೃಷ್ಟಿ ಗಗನದ ಕಡೆಗಿತ್ತು. 1954ರಲ್ಲಿ ಅವರು ಭಾರತೀಯ ವಾಯುಪಡೆಯನ್ನು ಸೇರಿದರು. ಕಾಲಕ್ರಮದಲ್ಲಿ ತರುಣ ವೈಮಾನಿಕರಿಗೆ ಹಾರಾಟವನ್ನು ಕಲಿಸುವ ಗುರುಗಳಾದರು. ವಿವಾಹವಾಗಿ, ಎರಡು ಹೆಣ್ಣುಮಕ್ಕಳ ತಂದೆಯಾಗಿ ನೆಮ್ಮದಿಯ ಸಂಸಾರ ನಡೆಸುತ್ತಿದ್ದರು. 1965ರ ಯುದ್ಧ ಸನ್ನಿಹಿತವಾದಾಗ ಅವರನ್ನು ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿಗೆ ಹಿರಿಯ ವೈಮಾನಿಕರನ್ನಾಗಿ ನಿಯೋಜಿಸಲಾಯಿತು. ವಿದ್ಯೆಯನ್ನು ಹೇಳಿಕೊಟ್ಟವರು ಅದನ್ನು ತಾವೇ ಆಚರಿಸಿ ತೋರಿಸಬೇಕಾದ ಕಾಲ ಬಂದಿತು.

ಆ ಸ್ಕ್ವಾಡ್ರನ್ನಿನವರು ಹಾರಿಸುತ್ತಿದ್ದುದು ಫ್ರಾನ್ಸ್ ದೇಶದಲ್ಲಿ ನಿರ್ಮಿತವಾದ ಮಿಸ್ಟೇರ್ ಎಂಬ ವಿಮಾನ. 1957ರಲ್ಲಿ ಅದು ನಮ್ಮ ವಾಯುಪಡೆಗೆ ಬಂದಿತ್ತು. ಮಕ್ಕಳು ಅದರ ಪ್ರತಿಕೃತಿಗೆ ನಾಲ್ವತ್ತೆಂಟರಲ್ಲೊಂದು ಪ್ರಮಾಣವನ್ನು ಗೊತ್ತುಮಾಡಿಕೊಂಡರು; ಅಂದರೆ ನಿಜವಿಮಾನದ ನಾಲ್ಕು ಅಡಿಗೆ ಪ್ರತಿಕೃತಿಯಲ್ಲಿ ಒಂದು ಅಂಗುಲ. ಸುಮಾರು 12.9 ಮೀಟರ್ ಉದ್ದದ ವಿಮಾನ ಹೀಗೆ 27 ಸೆಂಟಿಮೀಟರಿಗೆ ಇಳಿಯಿತು, 11.1 ಮೀಟರ್ ಹರವಿನ ರೆಕ್ಕೆ 23 ಸೆಂಟಿಮೀಟರ್ ಆಯಿತು. ಬಾಲ್ಸಾ ಎಂಬ ಹಗುರವಾದ ಮರವನ್ನು ತಂದು, ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಕತ್ತಿಯಿಂದ ಕೆತ್ತಿ, ಉಪ್ಪುಕಾಗದದಿಂದ ತಿಕ್ಕಿ ನಯಗೊಳಿಸಿದರು. ಮೊದಲು ಮಾಡಿದ ರೆಕ್ಕೆಗಳು ಹಿಂದಕ್ಕೆ ಬಾಗಬೇಕಾದಷ್ಟು ಬಾಗಿರಲಿಲ್ಲ. ದೂರದಿಂದ ನೋಡುವವರಿಗೆ ತಿಳಿಯದೆಂದು ಕೆಲವರು ವಾದಿಸಿದರೂ, ತಪ್ಪಿದ್ದನ್ನು ಬದಿಗಿಟ್ಟು ಹೊಸದಾಗಿ ಕೆತ್ತಿದರು. ಅದನ್ನು ಕಂಡು ನನಗೆ ಸಂತೋಷವಾಯಿತು. ನೋಡುವವರಿಲ್ಲದಿದ್ದರೂ ಅಳತೆ ತಪ್ಪದಿರುವುದೇ ಅಲ್ಲವೇ ಕಾಯಕ?

1965ರ ಸೆಪ್ಟೆಂಬರ್ 7ರ ಮುಂಜಾನೆ ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳ ತಂಡವೊಂದು ಪಾಕಿಸ್ತಾನದ ಪ್ರಬಲ ವಾಯುನೆಲೆಯಾದ ಸರ್ಗೋಧದ ಮೇಲೆ ದಾಳಿಗೆ ಹೊರಟಿತು. ತಂಡದ ನಾಯಕರು ವಿಂಗ್ ಕಮಾಂಡರ್ ಒ. ಪಿ. ತನೇಜಾ ಅವರು. ದಾಳಿಗೆ ಗೊತ್ತಾಗಿದ್ದ ಹನ್ನೆರಡು ಮಂದಿಯಲ್ಲಿ ದೇವಯ್ಯನವರ ಹೆಸರಿರಲಿಲ್ಲ. ಅವರದು ಕಾಯ್ದಿರಿಸಿದ ಸ್ಥಾನ. ಯಾರಾದರೊಬ್ಬರು ಹೊರಡಲಾಗದೆ ಹಿಂದುಳಿದರೆ ಆ ತೆರವನ್ನು ತುಂಬುವುದಷ್ಟೇ ಅವರ ಹೊಣೆ. ತೆರವಾಯಿತು; ಅವರು ಹೊರಟರು. ಸರ್ಗೋಧದಿಂದ ಹಿಂದಿರುಗುವಾಗ ಶತ್ರುವಿಮಾನವೊಂದು ಬೆನ್ನಟ್ಟಿ ಬಂದು ಅವರನ್ನು ಎದುರಿಸಿತು. ಅದು ಅಮೆರಿಕೆಯಲ್ಲಿ ತಯಾರಾದ ಸ್ಟಾರ್‌ಫೈಟರ್. ಅದನ್ನು ನಡೆಸುತ್ತಿದ್ದವನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್.

ಈ ಸ್ಟಾರ್‌ಫೈಟರ್ ವಿಮಾನವನ್ನೂ ಅದೇ ಪ್ರಮಾಣದಲ್ಲಿ ರಚಿಸಬೇಕೆಂಬ ಮಾತು ಬಂದಾಗ ಮಕ್ಕಳಲ್ಲಿ ಭಿನ್ನಾಭಿಪ್ರಾಯ ತಲೆದೋರಿತು. ಶತ್ರುವಿನ ವಿಮಾನವನ್ನು ನಮ್ಮ ಶಾಲೆಯಲ್ಲಿ ಇಡುವುದೇಕೆ ಎಂದು ಕೆಲವರು; ಇಟ್ಟರೂ ಚಿಕ್ಕದಾಗಿ, ಉರಿಯುವಂತೆ ಮಾಡಿಡೋಣ ಎಂದು ಮತ್ತೆ ಕೆಲವರು. ಅವರಿಗೆ ನಾನು ರನ್ನಕವಿಯನ್ನು ನೆನಪಿಸಿದೆನು. ಗದಾಯುದ್ಧದಲ್ಲಿ ಆ ಮಹಾಕವಿ ದುರ್ಯೋಧನನ ಹಿರಿಮೆಯನ್ನು ಕುಗ್ಗಿಸಲಿಲ್ಲ. ಕುಗ್ಗಿಸಿದ್ದರೆ ಭೀಮನ ಗೆಲುವೂ ಕಿರಿದಾಗುತ್ತಿತ್ತು. ಎದುರಾಳಿಯ ನಿಜವಾದ ಎತ್ತರವನ್ನು ಒಪ್ಪದೆ ನಮ್ಮ ವೀರನ ಎತ್ತರವನ್ನು ಅಳೆಯುವುದೆಂತು? ಮಕ್ಕಳು ಒಪ್ಪಿದರು. ಸ್ಟಾರ್‌ಫೈಟರ್ 35 ಸೆಂಟಿಮೀಟರ್ ಉದ್ದವಾಗಿ ಮಿಸ್ಟೇರಿನ ಪಕ್ಕದಲ್ಲಿ ನಿಂತಿತು. ಆದರೆ ಅದರ ರೆಕ್ಕೆಗಳ ಹರವು ಕೇವಲ 14 ಸೆಂಟಿಮೀಟರ್.

ಪುಸ್ತಕದ ವಿವರಣೆಯಿಂದ ಅರ್ಥವಾಗದುದು ಆಗ ಕಣ್ಣಿಗೆ ಗೋಚರಿಸಿತು. ಮಿಸ್ಟೇರಿನ ಗರಿಷ್ಠ ವೇಗ ಗಂಟೆಗೆ ಸುಮಾರು 1,100 ಕಿಲೋಮೀಟರ್. ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗವನ್ನು ಮುಟ್ಟಬಲ್ಲುದು. ಇದರಲ್ಲಿ ಕ್ಷಿಪಣಿಗಳಿದ್ದವು, ಅದರಲ್ಲಿ ಆಕಾಶಯುದ್ಧಕ್ಕೆ 30 ಮಿಲಿಮೀಟರಿನ ಎರಡು ತೋಪುಗಳಷ್ಟೇ ಆಧಾರ. ಓಡಿ ತಪ್ಪಿಸಿಕೊಳ್ಳುವುದು ದೇವಯ್ಯನವರಿಗೆ ಸಾಧ್ಯವಿರಲಿಲ್ಲ. ಆದರೆ ಬಾಣದಂತೆ ನೇರವಾಗಿ ಸಾಗಲು ಕಿರಿದಾದ ರೆಕ್ಕೆ ಅನುಕೂಲ. ಹದ್ದಿನಂತೆ ಇಕ್ಕಟ್ಟಾಗಿ ಸುತ್ತಲು ಅಗಲವಾದ ರೆಕ್ಕೆ ಬೇಕು. ವೇಗ ತಗ್ಗಿದಾಗ ಸ್ಟಾರ್‌ಫೈಟರಿನ ರೆಕ್ಕೆಗಳಿಗೆ ವಿಮಾನವನ್ನು ಎತ್ತಿಹಿಡಿಯುವ ಶಕ್ತಿ ಸಾಲದು. ಆದುದರಿಂದ ಅದು ದೊಡ್ಡ ಸುತ್ತನ್ನೇ ಹಾಕಬೇಕು. ಕೆಳಮಟ್ಟದಲ್ಲಿ, ತಗ್ಗಿದ ವೇಗದಲ್ಲಿ ಸುತ್ತಿ ಸುತ್ತಿ ಕಾದುವಲ್ಲಿ ಮಿಸ್ಟೇರಿಗೆ ಮೇಲುಗೈಯುಂಟು. ಹಾರಾಟದ ಗುರುಗಳಾಗಿದ್ದ ದೇವಯ್ಯನವರಿಗೆ ಇದು ಅಂಗೈ ನೆಲ್ಲಿಕಾಯಿ.

ಅಮ್ಜದನು ಬಿಟ್ಟ ಕ್ಷಿಪಣಿ ಗುರಿ ತಪ್ಪಿತು. ಆತನ ಗುಂಡುಗಳು ಮಾತ್ರ ಮಿಸ್ಟೇರನ್ನು ತಾಗಿದವು. ಅದು ಮುಗಿಯಿತೆಂದು ಭಾವಿಸಿ ಆತನು ಬೇರೆ ವಿಮಾನಗಳನ್ನು ಅರಸತೊಡಗಿದನು. ಆದರೆ ಗಾಯಗೊಂಡ ವಿಮಾನವನ್ನೇ ತಿರುಗಿಸಿಕೊಂಡು ದೇವಯ್ಯನವರು ಎದುರಾಳಿಯ ಮೇಲೆ ಎರಗಿದರು. ಇಬ್ಬರೂ ಸಮರ್ಥರು, ಇಬ್ಬರೂ ಹಿಂಜರಿಯಲಿಲ್ಲ. ಕಡೆಗೆ ಸ್ಟಾರ್‌ಫೈಟರ್ ಹತೋಟಿ ತಪ್ಪಿತು. ಅಮ್ಜದನು ಹೊರಜಿಗಿದು ಪ್ಯಾರಾಚೂಟಿನ ನೆರವಿನಿಂದ ಜೀವ ಉಳಿಸಿಕೊಂಡನು. ದೇವಯ್ಯನವರು ಶತ್ರುನೆಲದಲ್ಲಿ ವೀರಮರಣವನ್ನಪ್ಪಿದರು. ಆಗ ಅವರಿಗೆ ಮೂವತ್ತಮೂರು ತುಂಬಿರಲಿಲ್ಲ.

ಆದಂಪುರದಲ್ಲಿ ಗೆಳೆಯರು ಕಾದರು. ಒಂದು ವಿಮಾನ ಮರಳಲಿಲ್ಲ. ಆ ದ್ವಂದ್ವಯುದ್ಧವನ್ನು ನಮ್ಮವರಾರೂ ಕಂಡಿರಲಿಲ್ಲ. ದೇವಯ್ಯನವರ ಹೆಸರು ಕಾಣೆಯಾದವರ ಪಟ್ಟಿಯನ್ನು ಸೇರಿತು. ಪತ್ನಿ ಮತ್ತು ಮಕ್ಕಳು ಬರುವರೋ ಬಾರರೋ ಎಂದು ತಿಳಿಯದೆ ಕಳೆದ ದಿನಗಳನ್ನು ಯಾವ ಪ್ರಮಾಣದಿಂದ ಅಳೆಯೋಣ? ಹದಿನಾಲ್ಕು ವರ್ಷಗಳು ಸಂದಮೇಲೆ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ 1965ರ ವಾಯುಯುದ್ಧದ ಬಗ್ಗೆ ಗ್ರಂಥವನ್ನು ಪ್ರಕಟಿಸಿದರು. ಹೆಸರರಿಯದ ಭಾರತೀಯ ವೈಮಾನಿಕನೊಬ್ಬನು ಮಿಸ್ಟೇರಿನಲ್ಲಿ ಕುಳಿತು ಸ್ಟಾರ್‌ಫೈಟರಿನೊಡನೆ ಕಾದಿದ ವೃತ್ತಾಂತ ಅದರಲ್ಲಿತ್ತು. ಅಂದು ಮರಳದಿದ್ದವರ ಲೆಕ್ಕವನ್ನು ತಾಳೆನೋಡಿದಾಗ ಆ ವೀರನು ದೇವಯ್ಯನವರೇ ಎಂಬುದು ಸ್ಥಿರಪಟ್ಟಿತು. ಅವರ ನಾಯಕರಾಗಿದ್ದ ತನೇಜಾ ಅವರು ತಮ್ಮ ಸಹಯೋಧನಿಗೆ ನ್ಯಾಯ ದೊರಕಿಸಲು ಶ್ರಮಿಸಿದರು. 1988ರಲ್ಲಿ, ಮಡಿದ ಇಪ್ಪತ್ತಮೂರು ವರ್ಷಗಳ ಬಳಿಕ, ದೇವಯ್ಯನವರಿಗೆ ಮಹಾವೀರಚಕ್ರ ಘೋಷಿತವಾಯಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಇಂದು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವೂ ಪ್ರತಿಮೆಯೂ ಇವೆ.

ಪ್ರಮಾಣವೆಂಬ ಶಬ್ದಕ್ಕೆ ನಮ್ಮ ನುಡಿಯಲ್ಲಿ ಮೂರು ಅರ್ಥಗಳುಂಟು. ಅಳತೆ ಎಂಬುದೊಂದು, ಸಾಕ್ಷ್ಯ ಎಂಬುದೊಂದು, ಆಣೆ ಎಂಬುದೊಂದು. ಬಾಲಕರು ಅಳತೆಯನ್ನು ತಪ್ಪಲಿಲ್ಲ. ಸಾಕ್ಷ್ಯವು ತಡವಾಗಿಯಾದರೂ ಬಂದಿತು. ಅದೂ ಎದುರಾಳಿಗಳ ಕಡೆಯಿಂದಲೇ ಬಂದಿತು. ಆದರೆ ಇವೆರಡಕ್ಕಿಂತ ಮೊದಲು, ಸೇನೆಗೆ ಸೇರಿದ ದಿನ ತಾವು ತೊಟ್ಟ ಆಣೆಯನ್ನು ದೇವಯ್ಯನವರು ಸಾಕ್ಷಿಗಳಿಲ್ಲದ ಆಕಾಶದಲ್ಲಿ ಉಳಿಸಿಕೊಂಡರು. ಚಕ್ರ ದೊರೆಯದಿದ್ದರೂ ಆ ಕಾರ್ಯದ ತೂಕ ಕಡಿಮೆಯಾಗುತ್ತಿರಲಿಲ್ಲ. ಫಲಕ್ಕೆ ಕೈಚಾಚದೆ ಕಾಯಕವನ್ನು ಪೂರೈಸಬೇಕೆಂಬ ಶರಣರ ನಿಲುವು ಇಲ್ಲಿ ರೂಪುತಾಳಿ ನಿಂತಿದೆ. ಆದರೆ ಅಂತಹವರನ್ನು ಗುರುತಿಸುವ ಹೊಣೆಯಿಂದ ಸಮಾಜ ನುಣುಚಿಕೊಳ್ಳಲಾಗದು.

ಆ ಎರಡು ಪ್ರತಿಕೃತಿಗಳು ಈಗ ನಮ್ಮ ಗ್ರಂಥಾಲಯದ ಗಾಜಿನ ಕಪಾಟಿನಲ್ಲಿ ಅಕ್ಕಪಕ್ಕದಲ್ಲಿವೆ. ಬೇಗೂರಿನ ಕಲ್ಲಿನಂತೆ ಸಾವಿರ ವರ್ಷ ಬಾಳುವಷ್ಟು ಗಟ್ಟಿಯಲ್ಲ ಆ ಮರ. ಆದರೂ ಅದು ನಮ್ಮ ಮಕ್ಕಳು ನಿಲ್ಲಿಸಿದ ವೀರಗಲ್ಲು. ಅದನ್ನು ನೋಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಪಾಲಿಗೆ ಬಂದ ಕಾಯಕದಲ್ಲಿ, ಯಾರು ನೋಡಲಿ ನೋಡದಿರಲಿ, ಪ್ರಮಾಣ ತಪ್ಪದಂತೆ ಬಾಳಲೆಂದು ಹಾರೈಸುತ್ತೇನೆ.