ಕಡಲ ಹೂವನ್ನು ಮನೆಯಲ್ಲಿ ಸಾಕಿದ ಫಿಲಿಪ್ ಹೆನ್ರಿ ಗಾಸ್

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಿಂದ ನಮ್ಮ ಶಾಲೆಗೆ ಬರುವ ಹೆಣ್ಣುಮಕ್ಕಳಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ವಿರಳ. ಭೀಮೆಯನ್ನೂ ಕೃಷ್ಣೆಯನ್ನೂ ಬಲ್ಲೆವು; ಡೋಣಿಯ ಸವಳು ನೀರಿನ ರುಚಿಯನ್ನೂ ಬಲ್ಲೆವು; ಕಡಲು ಮಾತ್ರ ನಮಗೆ ಭೂಗೋಲದ ಪಾಠವೇ ಸರಿ. ಆದುದರಿಂದಲೇ, ಕಡಲಿನ ಒಂದು ತುಣುಕನ್ನು ಗಾಜಿನ ತೊಟ್ಟಿಯಲ್ಲಿಟ್ಟು ಮನೆಯೊಳಗೆ ಬದುಕಿಸಿ ತೋರಿಸಿದ ಗಾಸ್ ಸಾಹೇಬರ ಜೀವನವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದೆ ಸಂಕ್ಷೇಪವಾಗಿ ಇಡಲು ಇಚ್ಛಿಸಿದ್ದೇವೆ.

ಅವರು 1810ನೆಯ ಇಸವಿ ಏಪ್ರಿಲ್ 6ರಂದು ಇಂಗ್ಲಂಡದ ವುಸ್ಟರ್ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ಊರೂರು ತಿರುಗಿ ಜನರ ಚಿಕ್ಕ ಭಾವಚಿತ್ರಗಳನ್ನು ಬರೆಯುವ ಬಡ ಚಿತ್ರಕಾರ. ಪೂಲ್ ಎಂಬ ಬಂದರಿನಲ್ಲಿ ಬೆಳೆದ ಬಾಲಕನು 1827ರಲ್ಲಿ, ಹದಿನೇಳನೆಯ ವಯಸ್ಸಿಗೆ, ಕಾರಕೂನನಾಗಿ ದೂರದ ನ್ಯೂಫೌಂಡ್‌ಲಂಡಿಗೆ ಹೋದನು. ಅಲ್ಲಿ 1832ರಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಒಂದು ಪುಸ್ತಕವನ್ನು ಕೊಂಡದ್ದೇ ಅವರ ಬಾಳಿನ ದಾರಿಯನ್ನು ತಿರುಗಿಸಿತು. ಕೆನಡದಲ್ಲಿ ಮಾಡಿದ ಒಕ್ಕಲುತನವು ಕೈಗೂಡಲಿಲ್ಲ. ಅಲಬಾಮಾದಲ್ಲಿ ಕೆಲಕಾಲ ಶಿಕ್ಷಕರಾಗಿದ್ದರು. 1844ರಿಂದ 1846ರ ವರೆಗೆ ಜಮೈಕಾದಲ್ಲಿ ಪಕ್ಷಿಗಳನ್ನು ಅಭ್ಯಸಿಸಿದರು. 1848ರಲ್ಲಿ ಎಮಿಲಿ ಬೋಸ್ ಎಂಬ ಸುಶಿಕ್ಷಿತ ಲೇಖಕಿಯನ್ನು ಮದುವೆಯಾದರು. ಮರುವರ್ಷ ಎಡ್ಮಂಡನು ಹುಟ್ಟಿದನು.

ಅತಿಶ್ರಮದಿಂದ ದೇಹವು ಕುಗ್ಗಲು, 1852ರಲ್ಲಿ ಅವರು ಡೆವನ್ ಸೀಮೆಯ ಕಡಲತೀರವನ್ನು ಸೇರಿದರು. ಇಳಿತದ ಕಾಲದಲ್ಲಿ ಬಂಡೆಗಳ ಕುಳಿಗಳಲ್ಲಿ ನಿಂತ ನೀರಿನೊಳಗೆ ಕೆಂಪು, ಹಸುರು, ಕಿತ್ತಳೆ ಬಣ್ಣದ ಕಡಲ ಹೂಗಳನ್ನು ಕಂಡರು. ಹೆಸರಿಗೆ ಹೂವಾದರೂ ಇದು ಪ್ರಾಣಿ. ಎಸಳಿನಂತೆ ಕಾಣುವವು ಅದರ ಕರಗಳು; ಅವುಗಳಲ್ಲಿರುವ ಸೂಕ್ಷ್ಮವಾದ ಕುಟುಕುಗಳಿಂದ ಬೇಟೆಯನ್ನು ಸ್ತಬ್ಧಗೊಳಿಸಿ ನಡುವಣ ಬಾಯಿಗೆ ಒಯ್ಯುವದು. ಬಂಡೆಗೆ ಅಂಟಿಕೊಂಡಿದ್ದರೂ, ಸ್ಥಳವು ಒಗ್ಗದಿದ್ದರೆ ಮೆಲ್ಲಮೆಲ್ಲನೆ ಸರಿದು ಬೇರೆಡೆಗೆ ಹೋಗುವದು.

ಇಂಥ ಜೀವವನ್ನು ಮನೆಯಲ್ಲಿ ಉಳಿಸುವದು ಹೇಗೆ? ಕಡಲಸಸ್ಯಗಳು ಬೆಳಕಿನಲ್ಲಿ ಪ್ರಾಣವಾಯುವನ್ನು ಬಿಡುವವು, ಪ್ರಾಣಿಗಳು ಅದನ್ನು ಉಸಿರಾಡುವವು; ಎರಡೂ ಸರಿತೂಗಿದರೆ ನೀರು ಕೆಡದೆ ನಿಲ್ಲುವದು. ಈ ತತ್ತ್ವವನ್ನು ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನರೂ ಅದೇ ಕಾಲದಲ್ಲಿ ಪರೀಕ್ಷಿಸುತ್ತಿದ್ದರು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ತೆರೆದ ಜಲಜೀವಿಗಳ ಮಂದಿರಕ್ಕೆ ಗಾಸ್ ಸಾಹೇಬರು ಪ್ರಾಣಿಗಳನ್ನು ಒದಗಿಸಿದರು. 1854ರಲ್ಲಿ ಅವರು ಬರೆದ ಗ್ರಂಥದಿಂದ ಅಕ್ವೇರಿಯಂ ಎಂಬ ಶಬ್ದವು ಮನೆಮಾತಾಯಿತು. ಕಡಲು ದೂರವಿದ್ದವರಿಗಾಗಿ ಅಡಿಗೆಯ ಉಪ್ಪಿಗೆ ಇನ್ನು ಮೂರು ಲವಣಗಳನ್ನು ಬೆರೆಸಿ ಸಮುದ್ರದ ನೀರನ್ನು ಸಿದ್ಧಪಡಿಸಿದರು. ಅದರಲ್ಲಿ ಮೊದಲು ಹಸುರು ಪಾಚಿಯನ್ನು ನೆಲೆಗೊಳಿಸಿ, ಒಂದು ವಾರ ತಾಳಿದ ಮೇಲೆಯೇ ಪ್ರಾಣಿಗಳನ್ನು ಬಿಟ್ಟರು.

ಇಂದು ಹವಳದ ತೊಟ್ಟಿಗಳಲ್ಲಿ ಉಷ್ಣಸಮುದ್ರದ ಬಣ್ಣಬಣ್ಣದ ಕಡಲ ಹೂಗಳನ್ನು ಸಾಕುವವರು ಇನ್ನೂ ಹೆಚ್ಚು ತಾಳುವರು. ಹೊಸ ತೊಟ್ಟಿಯಲ್ಲಿ ಅವನ್ನು ಬಿಡದೆ, ಹಲವು ತಿಂಗಳು ನೀರು ಸ್ಥಿರವಾಗುವದನ್ನು ನೋಡುವರು. ಇವುಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸಿ ಅನ್ನವನ್ನು ಒದಗಿಸುವವು. ಬೆಳಕು ಸಾಲದಿದ್ದರೆ ಪಾಚಿ ಹೋಗಿ ಹೂವು ಬೆಳ್ಳಗಾಗುವದು. ಲೀಟರಿಗೆ ಸುಮಾರು 35 ಗ್ರಾಂ ಲವಣವಿರಬೇಕು. ಬೇಸಿಗೆಯಲ್ಲಿ ನೀರು ಆರಿದರೆ ಉಪ್ಪು ಉಳಿಯುವದೆಂಬುದನ್ನು ಸವಳು ಭೂಮಿಯನ್ನು ಕಂಡ ನಮ್ಮ ಒಕ್ಕಲಿಗರಿಗೆ ಹೇಳಬೇಕಿಲ್ಲ. ಆದ್ದರಿಂದ ಆರಿದಷ್ಟು ಸಿಹಿನೀರನ್ನೇ ತುಂಬಬೇಕು. ಅಲೆಯುವ ಹೂವು ನೀರನ್ನು ತಿರುಗಿಸುವ ಯಂತ್ರಕ್ಕೆ ಸಿಕ್ಕದಂತೆ ಜಾಳಿಗೆ ಕಟ್ಟಬೇಕು. ಒಂದು ಸತ್ತು ಕೊಳೆತರೆ ತೊಟ್ಟಿಯ ಮಿಕ್ಕ ಜೀವಗಳಿಗೂ ಅಪಾಯ.

1857ರ ಫೆಬ್ರವರಿಯಲ್ಲಿ ಎಮಿಲಿಯಮ್ಮನವರು ಅರ್ಬುದರೋಗದಿಂದ ತೀರಿಕೊಂಡರು. ಗಾಸ್ ಸಾಹೇಬರು ಎಂಟು ವರುಷದ ಮಗನೊಡನೆ ಡೆವನ್ನಿನ ಸೇಂಟ್ ಮೇರಿಚರ್ಚಿನಲ್ಲಿ ನೆಲಸಿ, ತಂದೆ ಮಕ್ಕಳು ಕೂಡಿ ಬಂಡೆಗಳ ಕುಳಿಗಳನ್ನು ಶೋಧಿಸಿದರು. ಬ್ರಿಟನ್ನಿನ ಕಡಲ ಹೂಗಳನ್ನು ಕುರಿತ ಅವರ ಮಹಾಗ್ರಂಥವು 1860ರಲ್ಲಿ ಪೂರ್ಣವಾಯಿತು. ಅದರ ಚಿತ್ರಗಳನ್ನು ತಾವೇ ಬರೆದರು.

ಆದರೆ ಕೀರ್ತಿಯ ಬೆನ್ನಿಗೇ ದುಃಖವು ಬಂದಿತು. ಅವರ ಪುಸ್ತಕಗಳನ್ನು ಓದಿದ ಜನರು ಉಳಿ, ಸುತ್ತಿಗೆ, ಪಾತ್ರೆಗಳೊಡನೆ ತೀರಕ್ಕೆ ಮುಗಿಬಿದ್ದರು. ಎಷ್ಟೋ ಜೀವಗಳು ಆರೈಕೆಯರಿಯದ ಮನೆಗಳಲ್ಲಿ ಸತ್ತವು. ತುಂಬಿದ್ದ ಕುಳಿಗಳು ಬರಿದಾದವು. ತಾವು ಪ್ರೀತಿಯಿಂದ ತೋರಿಸಿದ ಚೆಲುವು ತಮ್ಮ ತೋರಿಕೆಯಿಂದಲೇ ಹಾಳಾಯಿತೆಂಬ ಕೊರಗು ತಂದೆಯವರಿಗಿದ್ದಿತೆಂದು ಎಡ್ಮಂಡರು 1907ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ತಿಳಿಸಿದ್ದಾರೆ. ಗಾಸ್ ಸಾಹೇಬರು 1888ರ ಆಗಸ್ಟ್ 23ರಂದು ನಿಧನ ಹೊಂದಿದರು.

ಅವರ ಜ್ಞಾನವನ್ನು ನಾವು ಮೆಚ್ಚುವೆವು. ಅವರ ಕೊರಗನ್ನು ಇನ್ನೂ ಹೆಚ್ಚಾಗಿ ನೆನೆಯುವೆವು. ಒಂದು ಜೀವವನ್ನು ಅದರ ತವರಿನಿಂದ ತಂದವರು ಆ ತವರಿನ ನೀರು, ಬೆಳಕು, ಅನ್ನ ಇವೆಲ್ಲಕ್ಕೂ ದಿನದಿನವೂ ಹೊಣೆಗಾರರು. ಆ ಹೊಣೆಯನ್ನು ಹೊರಲಾರದವರು ಹೂವನ್ನು ಬಂಡೆಯ ಮೇಲೆಯೇ ನೋಡಿ ಸಂತೋಷಪಟ್ಟು ಹಿಂದಿರುಗುವದು ಲೇಸು. ಮಕ್ಕಳನ್ನು ದೂರದ ಊರಿಗೆ ಕಳಿಸಿದ ತಾಯಿತಂದೆಗಳಿಗೂ, ಅವರನ್ನು ಕೈಗೆ ತೆಗೆದುಕೊಂಡ ನಮಗೂ ಈ ಮಾತು ಹೊಸದಲ್ಲ.