ಪತಂಗಗಳಿಗೆ ಲೆಕ್ಕವಿಟ್ಟ ಚಹಾ ಬೆಳೆಗಾರ: ಸರ್ ಜಾರ್ಜ್ ಹ್ಯಾಂಪ್ಸನ್

ಬೆಳೆಗೆ ಹುಳು ಬಿದ್ದಿದೆ, ಯಾವ ಔಷಧಿ ಸಿಂಪಡಿಸಬೇಕು ಎಂದು ಕೇಳಿಕೊಂಡು ಬರುವ ರೈತರಿಗೆ ಕೃಷಿ ವಿಜ್ಞಾನಿಯು ಮೊದಲು ಮರುಪ್ರಶ್ನೆ ಹಾಕುವುದು ವಾಡಿಕೆ. ಆ ಹುಳು ಯಾವುದು ಎಂಬುದೇ ಆ ಪ್ರಶ್ನೆ. ಕೆಲವರಿಗೆ ಇದು ಕಾಲಹರಣವೆಂದು ತೋರಬಹುದು. ಆದರೆ ಕೀಟದ ಹೆಸರು ತಿಳಿಯದೆ ಅದರ ಜೀವನಚಕ್ರ, ಆಶ್ರಯ ಸಸ್ಯ, ಸ್ವಾಭಾವಿಕ ಶತ್ರುಗಳು ಇವಾವುವೂ ತಿಳಿಯುವುದಿಲ್ಲ. ಭಾರತದ ಪತಂಗಗಳ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನು ಹಾಕಿಕೊಟ್ಟವರಲ್ಲಿ ಪ್ರಮುಖರು ಸರ್ ಜಾರ್ಜ್ ಫ್ರಾನ್ಸಿಸ್ ಹ್ಯಾಂಪ್ಸನ್. ಅವರು ವೃತ್ತಿಯಿಂದ ಕೀಟಶಾಸ್ತ್ರಜ್ಞರಾಗಿ ಆರಂಭಿಸಿದವರಲ್ಲ. ನಮ್ಮ ನೆರೆಯ ನೀಲಗಿರಿಯಲ್ಲಿ ಚಹಾ ಬೆಳೆಯಲು ಬಂದವರು.

ಆರಂಭದ ದಿನಗಳು

ಹ್ಯಾಂಪ್ಸನ್ ಅವರು 1860ರ ಜನವರಿ 14ರಂದು ಜನಿಸಿದರು. ಇಂಗ್ಲೆಂಡಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದಿ, ಆಕ್ಸ್‌ಫರ್ಡ್‌ನ ಎಕ್ಸೆಟರ್ ಕಾಲೇಜಿನಲ್ಲಿ ಉನ್ನತ ಶಿಕ್ಷಣ ಪಡೆದರು. ಬ್ಯಾರೊನೆಟ್ ಎಂಬ ವಂಶಪಾರಂಪರ್ಯ ಪದವಿಯುಳ್ಳ ಮನೆತನ ಅವರದು; ಮುಂದೆ ಆ ಪದವಿಗೆ ಅವರೇ ಹತ್ತನೆಯ ಉತ್ತರಾಧಿಕಾರಿಯಾದರು. ಅಂತಹ ಮನೆತನದ ತರುಣರು ಅಂದು ಸೈನ್ಯ, ಆಡಳಿತ ಅಥವಾ ತೋಟಗಾರಿಕೆಯನ್ನು ಅರಸಿ ವಸಾಹತುಗಳಿಗೆ ಹೋಗುವುದು ಸಾಮಾನ್ಯವಾಗಿತ್ತು. ಹ್ಯಾಂಪ್ಸನ್ ಆರಿಸಿಕೊಂಡದ್ದು ಅಂದಿನ ಮದರಾಸು ಪ್ರಾಂತ್ಯದ ನೀಲಗಿರಿ ಬೆಟ್ಟಗಳನ್ನು.

ನೀಲಗಿರಿಯು ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳು ಕೂಡುವ ತಾಣ. ತಪ್ಪಲಿನ ಒಣ ಕುರುಚಲು ಕಾಡಿನಿಂದ ಹಿಡಿದು 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ಸುತ್ತಲಿನ ಶೋಲಾ ಕಾಡು ಮತ್ತು ಹುಲ್ಲುಗಾವಲಿನವರೆಗೆ ಅಲ್ಲಿ ಸಸ್ಯವರ್ಗವು ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆ. ಸಸ್ಯ ಬದಲಾದಂತೆ ಅದನ್ನು ತಿನ್ನುವ ಕೀಟವೂ ಬದಲಾಗುತ್ತದೆ. ಕಾಡನ್ನು ಕಡಿದು ಚಹಾ ಗಿಡ ನೆಟ್ಟ ಜಾಗದಲ್ಲಿ ತೋಟವೂ ಕಾಡೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಇಂತಹ ಪರಿಸರದಲ್ಲಿ ಹ್ಯಾಂಪ್ಸನ್ ಅವರಿಗೆ ಚಿಟ್ಟೆ ಮತ್ತು ಪತಂಗಗಳಲ್ಲಿ ಆಸಕ್ತಿ ಮೂಡಿತು. ಹವ್ಯಾಸವಾಗಿ ಆರಂಭವಾದ ಸಂಗ್ರಹ ಕಾರ್ಯವು ಕೆಲವೇ ವರ್ಷಗಳಲ್ಲಿ ಅವರ ಜೀವನದ ದಿಕ್ಕನ್ನೇ ಬದಲಿಸಿತು.

ಅಳೆದು ನಡೆಯುವ ಹುಳು

ಅವರು ಕಂಡ ಪತಂಗಗಳಲ್ಲಿ ಜಿಯೊಮೆಟ್ರಿಡೇ ಕುಟುಂಬದವು ಬಹುಸಂಖ್ಯೆಯಲ್ಲಿದ್ದವು. ಗ್ರೀಕ್ ಭಾಷೆಯಲ್ಲಿ ಈ ಹೆಸರಿನ ಮೂಲಾರ್ಥ ಭೂಮಿಯನ್ನು ಅಳೆಯುವವನು ಎಂದು. ಸಾಮಾನ್ಯವಾಗಿ ಪತಂಗದ ಮರಿಹುಳುವಿಗೆ ಎದೆಯ ಮೂರು ಜೊತೆ ಕಾಲುಗಳ ಜೊತೆಗೆ ಹೊಟ್ಟೆಯ ಭಾಗದಲ್ಲಿ ಐದು ಜೊತೆ ಮಿಥ್ಯಪಾದಗಳಿರುತ್ತವೆ. ಈ ಕುಟುಂಬದ ಬಹುತೇಕ ಮರಿಹುಳುಗಳಿಗೆ ಇರುವುದು ಎರಡೇ ಜೊತೆ: ಹೊಟ್ಟೆಯ ಆರನೆಯ ಖಂಡದಲ್ಲಿ ಒಂದು, ತುದಿಯಲ್ಲಿ ಇನ್ನೊಂದು. ನಡುವೆ ಆಸರೆಯಿಲ್ಲದ ಕಾರಣ ಹುಳುವು ಬೆನ್ನನ್ನು ಕಮಾನಿನಂತೆ ಬಾಗಿಸಿ, ಹಿಂಭಾಗವನ್ನು ಮುಂದಕ್ಕೆಳೆದು, ಗೇಣು ಹಾಕುತ್ತ ನಡೆಯುತ್ತದೆ. ಅಪಾಯ ಕಂಡಾಗ ಹಿಂಗಾಲಿನ ಮೇಲೆ ಸೆಟೆದು ನಿಂತು ಒಣಕಡ್ಡಿಯಂತೆ ನಟಿಸುತ್ತದೆ.

ನಮ್ಮ ರೈತರಿಗೆ ಪರಿಚಿತವಾದ ಔಡಲದ ಕೊಂಡಿಹುಳುವೂ ಬೆನ್ನು ಬಾಗಿಸಿ ನಡೆಯುತ್ತದೆ. ಆದರೆ ಅದು ಈ ಕುಟುಂಬಕ್ಕೆ ಸೇರಿದ್ದಲ್ಲ. ಎರೆಬಿಡೇ ಎಂಬ ಬೇರೆ ಕುಟುಂಬದ್ದು. ಅಂತಹ ಅರೆ ಕೊಂಡಿಹುಳುಗಳಲ್ಲಿ ಎರಡಕ್ಕಿಂತ ಹೆಚ್ಚು ಜೊತೆ ಮಿಥ್ಯಪಾದಗಳು ಕಾಣುತ್ತವೆ. ಹುಳುವನ್ನು ಕೈಯಲ್ಲಿ ಹಿಡಿದು ಕಾಲು ಎಣಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ನೋಟಕ್ಕೆ ಒಂದೇ ಆದವುಗಳನ್ನು ಲಕ್ಷಣದಿಂದ ಬೇರ್ಪಡಿಸುವ ಇಂತಹ ಕೆಲಸವನ್ನೇ ಹ್ಯಾಂಪ್ಸನ್ ಸಾವಿರಾರು ಪ್ರಭೇದಗಳಿಗೆ ಮಾಡಿದರು.

ಸಂಬಳವಿಲ್ಲದ ಸೇವೆ

ಇಂಗ್ಲೆಂಡಿಗೆ ಮರಳಿದ ಹ್ಯಾಂಪ್ಸನ್, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ನಿಸರ್ಗ ಇತಿಹಾಸ ವಿಭಾಗದಲ್ಲಿ ಸ್ವಯಂಸೇವಕರಾಗಿ ದುಡಿಯತೊಡಗಿದರು. 1891ರಲ್ಲಿ ನೀಲಗಿರಿ ಜಿಲ್ಲೆಯ ಪತಂಗಗಳನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. 1893ರಲ್ಲಿ ಸಿಲೋನಿನ ಪತಂಗಗಳ ಗ್ರಂಥ ಹೊರಬಂತು. ಇವು ಮ್ಯೂಸಿಯಂ ಹೊರತರುತ್ತಿದ್ದ ಸಚಿತ್ರ ಮಾಲೆಯ ಎಂಟು ಮತ್ತು ಒಂಬತ್ತನೆಯ ಭಾಗಗಳು.

ಆ ವೇಳೆಗೆ ಭಾರತದ ಪತಂಗಗಳ ಹೆಸರುಗಳು ಬಹಳ ಗೊಂದಲದಲ್ಲಿದ್ದವು. ಹಲವು ದಶಕಗಳಿಂದ ಸಂಗ್ರಾಹಕರು ಕಳುಹಿಸಿದ ಮಾದರಿಗಳನ್ನು ಲಂಡನ್ ಮತ್ತು ಪ್ಯಾರಿಸ್‌ಗಳಲ್ಲಿ ಬೇರೆ ಬೇರೆ ತಜ್ಞರು ಹೆಸರಿಸಿದ್ದರು. ಮ್ಯೂಸಿಯಂಗಾಗಿ ದೀರ್ಘ ಪಟ್ಟಿಗಳನ್ನು ಸಿದ್ಧಪಡಿಸಿದ ಫ್ರಾನ್ಸಿಸ್ ವಾಕರ್ ಅವರಂತೂ ಒಂದೇ ಪ್ರಭೇದಕ್ಕೆ ಎರಡು ಮೂರು ಹೆಸರುಗಳನ್ನಿಟ್ಟ ಉದಾಹರಣೆಗಳು ಅನೇಕ. ಗಂಡಿಗೊಂದು, ಹೆಣ್ಣಿಗೊಂದು, ಬಣ್ಣ ಮಾಸಿದ ಮಾದರಿಗೊಂದು ಹೆಸರಿದ್ದರೆ, ತೋಟದಲ್ಲಿ ಹುಳು ಕಂಡವನು ಯಾವ ಹೆಸರಿನಲ್ಲಿ ಮಾಹಿತಿ ಹುಡುಕಬೇಕು?

ಈ ಗೋಜಲನ್ನು ಬಿಡಿಸುವ ಹೊಣೆ ಹ್ಯಾಂಪ್ಸನ್ ಅವರ ಪಾಲಿಗೆ ಬಂತು. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತು ಎಂಬ ಸರ್ಕಾರಿ ಗ್ರಂಥಮಾಲೆಯಲ್ಲಿ ಭಾರತ, ಸಿಲೋನ್ ಮತ್ತು ಬರ್ಮಾಗಳ ಪತಂಗಗಳನ್ನು ಕುರಿತ ಅವರ ನಾಲ್ಕು ಸಂಪುಟಗಳು 1892ರಿಂದ 1896ರವರೆಗೆ ಪ್ರಕಟವಾದವು. ಐದು ಸಾವಿರಕ್ಕೂ ಹೆಚ್ಚು ಪ್ರಭೇದಗಳು ಅಲ್ಲಿ ಒಂದೆಡೆ ಕಲೆತವು. ಅಳತೆ ಹುಳುಗಳ ಕುಟುಂಬವು 1895ರ ಮೂರನೆಯ ಸಂಪುಟದಲ್ಲಿದೆ. ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, 1895ರಲ್ಲಿ, ಮ್ಯೂಸಿಯಂ ಅವರನ್ನು ಸಹಾಯಕರಾಗಿ ನೇಮಿಸಿಕೊಂಡಿತು.

ಈ ಸಂಪುಟಗಳ ನಿಜವಾದ ಉಪಯುಕ್ತತೆ ಅವುಗಳ ಕೀಲಿಗಳಲ್ಲಿದೆ. ಹ್ಯಾಂಪ್ಸನ್ ಮುಖ್ಯವಾಗಿ ರೆಕ್ಕೆಯ ನರಗಳ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡರು. ಬಣ್ಣವು ಮಾಸಬಹುದು, ಋತುವಿನಿಂದ ಋತುವಿಗೆ ಬದಲಾಗಬಹುದು. ನರಗಳ ವಿನ್ಯಾಸ ಅಷ್ಟು ಸುಲಭವಾಗಿ ಬದಲಾಗದು. ಇದರೊಂದಿಗೆ ಮೀಸೆ, ಬಾಯಿಯ ಸ್ಪರ್ಶಾಂಗ, ಕಾಲಿನ ಮುಳ್ಳುಗಳನ್ನೂ ಗಮನಿಸಿ, ಹೌದು ಅಥವಾ ಅಲ್ಲ ಎನ್ನುತ್ತ ಹಂತ ಹಂತವಾಗಿ ಹೆಸರಿನತ್ತ ಸಾಗುವ ವ್ಯವಸ್ಥೆಯನ್ನು ರೂಪಿಸಿದರು. ದೂರದ ಮ್ಯೂಸಿಯಂಗೆ ಹೋಗಲಾಗದ ಅಧಿಕಾರಿಯೂ ಬೆಳೆಗಾರನೂ ಒಂದು ಭೂತಗನ್ನಡಿ ಮತ್ತು ಈ ಪುಸ್ತಕದ ನೆರವಿನಿಂದ ತನ್ನೆದುರಿನ ಪತಂಗವನ್ನು ಗುರುತಿಸಲು ಯತ್ನಿಸುವುದು ಸಾಧ್ಯವಾಯಿತು. 1905ರಲ್ಲಿ ಪೂಸಾದಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಸ್ಥಾಪನೆಯಾದಾಗ, 1908ರಲ್ಲಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಸೇವೆಗೆ ಬಂದಾಗ, ಈ ನಾಲ್ಕು ಸಂಪುಟಗಳು ಸಿದ್ಧವಾಗಿದ್ದವು.

ಹೈಪೊಸಿಡ್ರಾ ಕುಲದ ನಿದರ್ಶನ

ಹೆಸರಿನ ಬೆಲೆಯನ್ನು ಅರಿಯಲು ಮೂರನೆಯ ಸಂಪುಟದಲ್ಲಿರುವ ಹೈಪೊಸಿಡ್ರಾ ಕುಲವನ್ನೇ ನೋಡಬಹುದು. ಈ ಕುಲವನ್ನು 1857ರಲ್ಲಿ ಸ್ಥಾಪಿಸಿದವರು ಫ್ರಾನ್ಸಿನ ಅಶೀಲ್ ಗೆನೆ. ಇದರ ಟಲಾಕ ಮತ್ತು ಇನ್‌ಫಿಕ್ಸೇರಿಯ ಪ್ರಭೇದಗಳನ್ನು ವಾಕರ್ 1860ರಲ್ಲಿ ವಿವರಿಸಿದರು. ವಯೊಲೆಸೆನ್ಸ್ ಎಂಬ ಮತ್ತೊಂದು ಪ್ರಭೇದಕ್ಕೆ ಹೆಸರಿಟ್ಟವರು ಸ್ವತಃ ಹ್ಯಾಂಪ್ಸನ್. ವೈಜ್ಞಾನಿಕ ಬರಹಗಳಲ್ಲಿ ಟಲಾಕದ ಮುಂದೆ ವಾಕರ್ ಹೆಸರು ಆವರಣ ಚಿಹ್ನೆಯೊಳಗೆ ಇರುವುದನ್ನು ವಿಸ್ತರಣಾ ಕಾರ್ಯಕರ್ತರು ಗಮನಿಸಿರಬಹುದು. ಮೊದಲು ಬೇರೆ ಕುಲದಲ್ಲಿಟ್ಟಿದ್ದ ಪ್ರಭೇದವನ್ನು ನಂತರ ಈ ಕುಲಕ್ಕೆ ವರ್ಗಾಯಿಸಲಾಗಿದೆ ಎಂಬುದು ಅದರ ಅರ್ಥ.

ಈ ಪತಂಗಗಳು ಕಂದು ಅಥವಾ ಬೂದು ಬಣ್ಣದವು. ಹೆಣ್ಣಿನ ಮುಂರೆಕ್ಕೆಯ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಹೆಣ್ಣು ಪತಂಗವು ಮರದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಹೊರಬಂದ ಕಪ್ಪು ಮರಿಗಳು ರೇಷ್ಮೆಯ ಎಳೆಯ ಮೇಲೆ ತೂಗಿ, ಗಾಳಿಯಲ್ಲಿ ಹರಡಿ, ಕೆಳಗಿನ ಗಿಡದ ಎಲೆಗಳನ್ನು ತಿನ್ನುತ್ತವೆ. ಬೆಳೆದ ಹುಳು ಮಣ್ಣಿಗಿಳಿದು ಕೋಶಾವಸ್ಥೆ ಸೇರುತ್ತದೆ. ಕಾಡಿನ ಹಲವು ಬಗೆಯ ಮರಗಿಡಗಳನ್ನು ತಿಂದು ಬದುಕುತ್ತಿದ್ದ ಈ ಹುಳುಗಳು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅಸ್ಸಾಂ, ದುವಾರ್ ಮತ್ತು ತೆರಾಯ್ ಪ್ರದೇಶಗಳ ಚಹಾ ತೋಟಗಳಲ್ಲಿ ಪ್ರಮುಖ ಪೀಡೆಯಾದವು. ನೂರು ವರ್ಷಗಳಿಗೂ ಹಿಂದೆ ವಿವರಿಸಲ್ಪಟ್ಟಿದ್ದ ಪ್ರಭೇದವಾದ್ದರಿಂದ ಹುಡುಕಾಟವನ್ನು ಮೊದಲಿನಿಂದ ಆರಂಭಿಸಬೇಕಾಗಲಿಲ್ಲ. ಈ ಹುಳುವನ್ನು ಕೊಲ್ಲುವ ಎನ್‌ಪಿವಿ ನಂಜಾಣುವನ್ನೂ ಸಂಶೋಧಕರು ಗುರುತಿಸಿದ್ದಾರೆ. ಇಂತಹ ನಂಜಾಣುಗಳು ಸಾಮಾನ್ಯವಾಗಿ ಒಂದು ಪ್ರಭೇದಕ್ಕೆ ಅಥವಾ ಅದರ ಹತ್ತಿರದ ಸಂಬಂಧಿಗಳಿಗೆ ಮಾತ್ರ ತಗಲುತ್ತವೆ. ಕಡಲೆಯ ಕಾಯಿಕೊರಕದ ನಂಜಾಣು ತಂಬಾಕಿನ ಎಲೆ ತಿನ್ನುವ ಹುಳುವಿಗೆ ನಾಟದು ಎಂಬುದನ್ನು ನಮ್ಮ ರೈತರೂ ಬಲ್ಲರು. ಗುರುತು ತಪ್ಪಿದರೆ ಹಣವೂ ಹೋಯಿತು, ಹಂಗಾಮೂ ಹೋಯಿತು.

ಕೊನೆಯ ಮಹಾಕಾರ್ಯ ಮತ್ತು ಅದರ ಮಿತಿ

ಭಾರತದ ಸಂಪುಟಗಳು ಮುಗಿದ ಮೇಲೆ ಹ್ಯಾಂಪ್ಸನ್ ಇಡೀ ಜಗತ್ತಿನ ಪತಂಗಗಳ ವಿವರಣಾತ್ಮಕ ಸೂಚಿಯನ್ನು ಕೈಗೆತ್ತಿಕೊಂಡರು. 1898ರಿಂದ 1920ರವರೆಗೆ, ಪುರವಣಿಗಳೂ ಸೇರಿ, ಅದರ 15 ಸಂಪುಟಗಳು ಬಂದವು. ಆಫ್ರಿಕಾದಲ್ಲಿ ಜೋಳ ಮತ್ತು ಮುಸುಕಿನ ಜೋಳದ ಕಾಂಡ ಕೊರೆಯುವ ಸೆಸೇಮಿಯ ಕೆಲಮಿಸ್ಟಿಸ್ ಎಂಬ ಪೀಡೆಗೆ 1910ರಲ್ಲಿ ಹೆಸರಿಟ್ಟವರೂ ಅವರೇ. ಆದರೆ ಜಗತ್ತು ಅವರ ಎಣಿಕೆಗಿಂತ ದೊಡ್ಡದಾಗಿತ್ತು. ನಾಕ್ಟುಯಿಡೇ ಮತ್ತಿತರ ಕೆಲವು ಕುಟುಂಬಗಳಿಗೇ ಎರಡು ದಶಕಗಳು ಕಳೆದವು. ನೀಲಗಿರಿಯಲ್ಲಿ ಅವರು ಕಂಡಿದ್ದ ಅಳತೆ ಹುಳುಗಳ ಕುಟುಂಬಕ್ಕೆ ಆ ಸೂಚಿಯಲ್ಲಿ ಸರದಿ ಬರಲೇ ಇಲ್ಲ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಜನನಾಂಗಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಅವರ ಕಾಲದಲ್ಲಿಯೇ ಬೆಳೆಯುತ್ತಿತ್ತು. ಎಫ್. ಎನ್. ಪಿಯರ್ಸ್ ಅವರು ಬ್ರಿಟನ್ನಿನ ಅಳತೆ ಪತಂಗಗಳನ್ನು ಈ ಕ್ರಮದಲ್ಲಿ ಪರಿಶೀಲಿಸಿದ ಗ್ರಂಥವನ್ನು 1914ರಲ್ಲಿ ಪ್ರಕಟಿಸಿದರು. ಹ್ಯಾಂಪ್ಸನ್ ಮಾತ್ರ ರೆಕ್ಕೆ ಮತ್ತು ಹೊರಲಕ್ಷಣಗಳಿಗೇ ಹೆಚ್ಚು ನಿಷ್ಠರಾಗಿ ಉಳಿದರು. ಪರಿಣಾಮವಾಗಿ ಅವರು ಒಂದೇ ಎಂದು ಕೂಡಿಸಿದ ಕೆಲವನ್ನು ನಂತರದವರು ಬಿಡಿಸಬೇಕಾಯಿತು. ಇಂದು ಡಿಎನ್ಎ ಪರೀಕ್ಷೆಯೂ ಈ ಕೆಲಸಕ್ಕೆ ಒದಗಿದೆ. ಆದರೂ ತಿದ್ದಲು ಒಂದು ಪಟ್ಟಿ ಮೊದಲು ಇರಬೇಕು. ಆ ಪಟ್ಟಿಯನ್ನು ಕೊಟ್ಟವರು ಅವರು. 1936ರ ಅಕ್ಟೋಬರ್ 15ರಂದು ಹ್ಯಾಂಪ್ಸನ್ ನಿಧನರಾದರು.

ರೈತರು ಮತ್ತು ಕಾರ್ಯಕರ್ತರು ಗಮನಿಸಬೇಕಾದ ಅಂಶಗಳು

ತೋಟದ ಅಂಚಿನ ಕಾಡುಗಿಡಗಳನ್ನೂ ನೆರಳು ಮರಗಳನ್ನೂ ಬೆಳೆಯಷ್ಟೇ ಗಮನವಿಟ್ಟು ನೋಡಬೇಕು. ಹೊಸ ಪೀಡೆಗಳು ಅಲ್ಲಿಂದಲೂ ಬರಬಹುದು. ಹುಳು ಕಂಡಾಗ ಮಿಥ್ಯಪಾದಗಳನ್ನು ಎಣಿಸಿ, ಪಕ್ಕದಿಂದ ಸ್ಪಷ್ಟವಾಗಿ ಛಾಯಾಚಿತ್ರ ತೆಗೆಯಬೇಕು. ಸಾಧ್ಯವಾದರೆ ಕೆಲವು ಹುಳುಗಳನ್ನು ಅದೇ ಗಿಡದ ಎಲೆಗಳೊಡನೆ ಗಾಳಿಯಾಡುವ ಡಬ್ಬಿಯಲ್ಲಿಟ್ಟು ಪತಂಗವಾಗುವವರೆಗೆ ಸಾಕುವುದು ಒಳ್ಳೆಯದು, ಏಕೆಂದರೆ ಖಚಿತ ಗುರುತು ಬಹುತೇಕ ಪತಂಗದಿಂದಲೇ ಸಾಧ್ಯ. ಡಬ್ಬಿಯಲ್ಲಿ ಪತಂಗದ ಬದಲು ಸಣ್ಣ ಕಣಜಗಳು ಹೊರಬಂದರೆ ಅವು ಪರತಂತ್ರ ಜೀವಿಗಳು, ಬೆಳೆಗಾರನ ಮಿತ್ರರು. ಅವನ್ನು ತೋಟಕ್ಕೆ ಬಿಡಬೇಕು. ಮಾದರಿಯೊಡನೆ ದಿನಾಂಕ, ಊರು ಮತ್ತು ಬೆಳೆಯ ಹೆಸರನ್ನು ಬರೆದು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಬೇಕು. ದಿನಾಂಕ ಮತ್ತು ಸ್ಥಳ ಬರೆಯದ ಮಾದರಿ ವಿಜ್ಞಾನಕ್ಕೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಸಿಂಪರಣೆಯ ನಿರ್ಧಾರ ಇದಾದ ನಂತರದ್ದು.

ನೀಲಗಿರಿಯ ಒಬ್ಬ ಬೆಳೆಗಾರನು ತನ್ನ ತೋಟದ ಸುತ್ತ ಹಾರುವುದನ್ನು ಹಿಡಿದು ನೋಡಿದ್ದರಿಂದ ಒಂದು ಉಪಖಂಡದ ಪತಂಗಗಳಿಗೆ ವಿಳಾಸ ದೊರೆಯಿತು. ನಮ್ಮ ಹೊಲ ತೋಟಗಳಲ್ಲಿ ವಿಳಾಸ ಸಿಗದ ಹುಳುಗಳು ಇನ್ನೂ ಇವೆ. ಅವನ್ನು ಮೊದಲು ಕಾಣುವವರು ಪ್ರತಿದಿನ ಗಿಡದ ಬಳಿ ನಿಲ್ಲುವ ರೈತರೇ ಆಗಿರುತ್ತಾರೆ.