ಸ್ಯಾಚೆಲ್ ಪೇಜ್: ನಲವತ್ತೆರಡಕ್ಕೆ ಶುರುವಾದ ಲೆಕ್ಕ

28 ಗೆಲುವು, 31 ಸೋಲು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ದಾಖಲೆಗಳಲ್ಲಿ ದಶಕಗಳ ಕಾಲ ಸ್ಯಾಚೆಲ್ ಪೇಜ್ ಹೆಸರಿನ ಮುಂದೆ ಇದ್ದದ್ದು ಇಷ್ಟೇ. ಬರೀ ಅಂಕಿ ನೋಡಿದರೆ ಯಾರೋ ಸಾಧಾರಣ ಪಿಚರ್ ಇರಬೇಕು ಅನ್ನಿಸುತ್ತೆ. ಆದರೆ ಈ ಲೆಕ್ಕ ಶುರುವಾಗಿದ್ದೇ ಅವರಿಗೆ 42 ತುಂಬಿದ ಮೇಲೆ.

ಕ್ರಿಕೆಟ್‌ನಲ್ಲಿ ಬೌಲರ್ ಹೇಗೋ ಬೇಸ್‌ಬಾಲ್‌ನಲ್ಲಿ ಪಿಚರ್ ಹಾಗೆ. ಪೇಜ್ ಹುಟ್ಟಿದ್ದು 1906ರಲ್ಲಿ, ಅಲಬಾಮಾ ರಾಜ್ಯದ ಮೊಬೀಲ್‌ನಲ್ಲಿ, ಬಡ ಕಪ್ಪು ಕುಟುಂಬದಲ್ಲಿ. ಸಣ್ಣಪುಟ್ಟ ಕಳ್ಳತನ, ಶಾಲೆಗೆ ಚಕ್ಕರ್ ಹೊಡೆದ ತಪ್ಪಿಗೆ 12ನೇ ವಯಸ್ಸಿಗೇ ಬಾಲಾಪರಾಧಿಗಳ ಶಾಲೆ ಸೇರಬೇಕಾಯಿತು. ಚೆಂಡೆಸೆಯುವ ವಿದ್ಯೆ ಪಳಗಿದ್ದು ಅಲ್ಲೇ.

1926ರಲ್ಲಿ ವೃತ್ತಿ ಆಟ ಶುರು. ಆಗ ಮೇಜರ್ ಲೀಗ್ ಬಿಳಿಯರಿಗೆ ಮಾತ್ರ. ನಿಯಮ ಪುಸ್ತಕದಲ್ಲಿ ಹಾಗಂತ ಬರೆದಿರಲಿಲ್ಲ, ತಂಡದ ಮಾಲೀಕರ ಒಳಒಪ್ಪಂದವೇ ಸಾಕಾಗಿತ್ತು. ಕಪ್ಪು ಆಟಗಾರರಿಗೆ ಇದ್ದದ್ದು ಪ್ರತ್ಯೇಕ ನೀಗ್ರೋ ಲೀಗ್‌ಗಳು. ಬರ್ಮಿಂಗ್‌ಹ್ಯಾಮ್, ಪಿಟ್ಸ್‌ಬರ್ಗ್, ಕಾನ್ಸಾಸ್ ಸಿಟಿ ಅಂತ ಪೇಜ್ ತಂಡದಿಂದ ತಂಡಕ್ಕೆ ಓಡಾಡಿದರು. 1937ರಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೊ ಹೆಸರಿನ ತಂಡಕ್ಕೂ ಆಡಿಬಂದರು. ಸೀಸನ್ ಮುಗಿದ ಮೇಲೆ ಊರೂರು ಸುತ್ತಿ ಪ್ರದರ್ಶನ ಪಂದ್ಯ. ಅಲ್ಲಿ ಡಿಜಿ ಡೀನ್, ಬಾಬ್ ಫೆಲ್ಲರ್‌ರಂಥ ಬಿಳಿಯ ಸ್ಟಾರ್‌ಗಳ ಎದುರೇ ಚೆಂಡೆಸೆಯುತ್ತಿದ್ದರು. ಅಂದರೆ ಪ್ರತಿಭೆ ಎಲ್ಲರಿಗೂ ಗೊತ್ತಿತ್ತು, ಟಿಕೆಟ್ ದುಡ್ಡೂ ಬರುತ್ತಿತ್ತು. ಲೀಗ್‌ನ ಬಾಗಿಲು ಮಾತ್ರ ತೆಗೀಲಿಲ್ಲ.

1947ರಲ್ಲಿ ಆ ಬಾಗಿಲು ತೆರೆದಾಗ ಒಳಹೋದವರು ಜಾಕಿ ರಾಬಿನ್ಸನ್, ವಯಸ್ಸು 28. ಇಪ್ಪತ್ತು ವರ್ಷ ಕಾದಿದ್ದ ಪೇಜ್‌ಗೆ ಅದು ನೋವಿನ ವಿಷಯವೇ. ಮರುವರ್ಷ ಜುಲೈ 7ರಂದು, 42ನೇ ಹುಟ್ಟುಹಬ್ಬದ ದಿನ, ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ಮಾಲೀಕ ಬಿಲ್ ವೀಕ್ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಪ್ರಚಾರದ ಗಿಮಿಕ್ ಅಂತ ಟೀಕೆ ಬಂತು. ಉತ್ತರ ಮೈದಾನದಲ್ಲಿ ಸಿಕ್ಕಿತು: ಆ ಸೀಸನ್ 6 ಗೆಲುವು, 1 ಸೋಲು, ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 2.48 ರನ್. ಆಗಸ್ಟ್ 20ರ ಪಂದ್ಯ ನೋಡಲು 78 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು, ಎದುರಾಳಿಗೆ ಒಂದು ರನ್ ಕೂಡ ಸಿಗಲಿಲ್ಲ. ಆ ವರ್ಷ ಕ್ಲೀವ್‌ಲ್ಯಾಂಡ್ ವರ್ಲ್ಡ್ ಸೀರೀಸ್ ಗೆದ್ದಿತು.

1965ರಲ್ಲಿ, 59ನೇ ವಯಸ್ಸಿನಲ್ಲಿ, ಕಾನ್ಸಾಸ್ ಸಿಟಿ ಪರ ಕೊನೆಯ ಸಲ ಮೂರು ಇನ್ನಿಂಗ್ಸ್ ಎಸೆದರು. ರನ್ ಕೊಡಲಿಲ್ಲ. ಇಷ್ಟೆಲ್ಲ ಆಗಿಯೂ ಲೀಗ್ ಪಿಂಚಣಿಗೆ ಅವರ ಸೇವಾ ದಿನಗಳು ಸಾಲುತ್ತಿರಲಿಲ್ಲ! 1968ರಲ್ಲಿ ಅಟ್ಲಾಂಟಾ ಬ್ರೇವ್ಸ್ ಆ ಕೊರತೆ ತುಂಬಲೆಂದೇ ಕರೆದು ಕೆಲಸ ಕೊಟ್ಟಿತು. 1971ರಲ್ಲಿ ಹಾಲ್ ಆಫ್ ಫೇಮ್ ಗೌರವ ಬಂದಾಗಲೂ ಮೊದಲು ಯೋಚಿಸಿದ್ದು ನೀಗ್ರೋ ಲೀಗ್‌ನವರಿಗೆ ಬೇರೆ ವಿಭಾಗ ಮಾಡೋಣ ಅಂತ. ಜನ ಛೀಮಾರಿ ಹಾಕಿದ ಮೇಲೆ ಸಮಾನ ಸ್ಥಾನ ಸಿಕ್ಕಿತು.

1982ರಲ್ಲಿ ಪೇಜ್ ತೀರಿಕೊಂಡರು. ನೀಗ್ರೋ ಲೀಗ್‌ಗಳೂ ಮೇಜರ್ ಲೀಗ್‌ಗಳೇ ಅಂತ ಒಪ್ಪಿಕೊಂಡದ್ದು 2020ರಲ್ಲಿ, ಅಂಕಿಗಳು ಅಧಿಕೃತ ದಾಖಲೆ ಸೇರಿದ್ದು 2024ರಲ್ಲಿ. ಆದರೂ ಸಣ್ಣ ಊರುಗಳಲ್ಲಿ ಆಡಿದ ಎಷ್ಟೋ ಪಂದ್ಯಗಳ ಸ್ಕೋರು ಬರೆದಿಟ್ಟವರೇ ಇಲ್ಲ.

ಡೇಟಾ ಸುಳ್ಳು ಹೇಳಲ್ಲ ಅಂತ ಎಂಜಿನಿಯರಿಂಗ್ ಓದಿದ ನಾವೆಲ್ಲ ನಂಬ್ತೀವಿ. ಯಾವುದನ್ನು ಎಣಿಸಬೇಕು, ಯಾರನ್ನು ಬಿಡಬೇಕು ಅಂತ ನಿರ್ಧರಿಸುವವರು ಮನುಷ್ಯರೇ. ಮೆರಿಟ್ ಬಗ್ಗೆ ಮಾತಾಡುವ ಮೊದಲು ಲೆಕ್ಕ ಎಲ್ಲಿಂದ ಶುರುವಾಯ್ತು ಅಂತ ಕೇಳೋಣ.